ನಿಮ್ಮ ಫೋಟೋ ಹಾಕ್ಕೊಂಡು ಕಾಮೆಂಟಲ್ಲಿ ಬೇರೆ ಯಾರೋ ಮಾತಾಡ್ತಿದ್ರೆ?

ಪ್ರಶ್ನೆ: ಸೀರೆಗೆ ಕುಚ್ಚು ಕಟ್ಟೋದು ಹೇಳ್ಕೊಡೋ ಯೂಟ್ಯೂಬ್ ಚಾನೆಲ್ ನಂದು, ಹನ್ನೊಂದು ಸಾವಿರ ಸಬ್‌ಸ್ಕ್ರೈಬರ್ಸ್ ಇದಾರೆ. ಎರಡು ತಿಂಗಳಿಂದ ಪ್ರತಿ ವಿಡಿಯೋ ಕೆಳಗೂ ಏನೇನೋ ಕಾಮೆಂಟು, ಕೆಲವು ಇಂಗ್ಲಿಷಲ್ಲಿ ಯಾವುದೋ ಇನ್ವೆಸ್ಟ್‌ಮೆಂಟ್ ಬಗ್ಗೆ, ಕೆಲವು ಬರೀ ಹಾರ್ಟು, ಆ ಪ್ರೊಫೈಲ್ ಒತ್ತಿದ್ರೆ ಅಸಹ್ಯದ ಫೋಟೋ. ಅವನ್ನೆಲ್ಲಾ ಡಿಲೀಟ್ ಮಾಡ್ತಾ ಬಂದೆ. ಆದ್ರೆ ಹೋದ ವಾರ ನಂದೇ ಫೋಟೋ, ನಂದೇ ಹೆಸರು ಇಟ್ಕೊಂಡ ಒಂದು ಅಕೌಂಟು, ಕಾಮೆಂಟ್ ಹಾಕಿದ್ದ ಹೆಣ್ಮಕ್ಕಳಿಗೆಲ್ಲಾ "ನಿಮಗೆ ಕುಚ್ಚು ಕಿಟ್ ಗಿಫ್ಟ್ ಬಂದಿದೆ, ಈ ನಂಬರ್‌ಗೆ ಮೆಸೇಜ್ ಮಾಡಿ" ಅಂತ ರಿಪ್ಲೈ ಮಾಡಿದೆ. ಒಬ್ರು ಕೊರಿಯರ್ ಚಾರ್ಜ್ ಅಂತ 499 ರೂಪಾಯಿ ಕಳಿಸಿ, ಕಿಟ್ ಬರ್ಲಿಲ್ಲ ಅಂತ ನನಗೇ ಬೈದ್ರು. ಕಾಮೆಂಟೇ ಆಫ್ ಮಾಡ್ಬಿಡ್ಲಾ?
(ಓದುಗರೊಬ್ಬರು, ಹಾವೇರಿ)

ಉತ್ತರ: ಆಫ್ ಮಾಡ್ಬೇಡಿ ಮೇಡಂ. ಎಷ್ಟೆಳೆ ದಾರ ತಗೋಬೇಕು, ಮಣಿ ಯಾವ ಸೈಜು, ಬ್ಲೌಸ್ ಕಲರ್‌ಗೆ ಮ್ಯಾಚ್ ಆಗತ್ತಾ ಅಂತ ಕೇಳೋ ಜಾಗ ಅದು, ನಿಮ್ಮ ಕ್ಲಾಸ್ ಅರ್ಧ ನಡೆಯೋದೇ ಅಲ್ಲಿ, ಕಳ್ಳ ಬಂದ ಅಂತ ಆ ಕ್ಲಾಸ್ ಯಾಕೆ ಮುಚ್ಬೇಕು. ಒಂದು ವಿಷಯ ಮಾತ್ರ ಮೊದ್ಲು ಗಮನಿಸಿ, ಈ ನಕಲಿ ಅಕೌಂಟ್‌ಗೆ ಬೇಕಿರೋದು ನೀವಲ್ಲ, ನಿಮ್ಮನ್ನ ನಂಬಿರೋ ಹೆಣ್ಮಕ್ಕಳು. ಹಾರ್ಟ್ ಹಾಕೋ ಬಾಟ್‌ಗಳು, ಅಂದ್ರೆ ತಾವಾಗೇ ಕಾಮೆಂಟ್ ಹಾಕೋ ಪ್ರೋಗ್ರಾಂ ಅಕೌಂಟ್‌ಗಳು, ಕಸ ಇದ್ದಂಗೆ, ಗುಡಿಸಿದ್ರಾಯ್ತು, ನಿಮ್ಮ ಮುಖ ಹಾಕ್ಕೊಂಡು ರಿಪ್ಲೈ ಮಾಡ್ತಿರೋದು ಮಾತ್ರ ಮೋಸ, ಹಾಗಾಗಿ ನಿಮ್ಮ ಟೈಮೆಲ್ಲಾ ಮೊದ್ಲು ಅದಕ್ಕೆ ಹೋಗ್ಲಿ.

ಆ ನಕಲಿ ರಿಪ್ಲೈ ಇನ್ನೂ ಇದ್ರೆ ಡಿಲೀಟ್ ಮಾಡೋಕೆ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ, ಅದರಲ್ಲಿರೋ ನಂಬರು, ಆ ಅಕೌಂಟಿನ ಹ್ಯಾಂಡಲ್ (@ ಇಂದ ಶುರುವಾಗೋ ಹೆಸರು) ಎರಡೂ ಕಾಣ್ಬೇಕು. ದುಡ್ಡು ಕಳ್ಕೊಂಡವರಿಗೆ ಇವತ್ತೇ ಫೋನ್ ಮಾಡಿ, ಅವರು ಬೈದಿದ್ರೂ ಪರವಾಗಿಲ್ಲ. ಈ ಸ್ಕ್ರೀನ್‌ಶಾಟು, ಯುಪಿಐ ಟ್ರಾನ್ಸಾಕ್ಷನ್ ನಂಬರು ಇಟ್ಕೊಂಡು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡೋಕೆ ಹೇಳಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ಕಂಪ್ಲೇಂಟ್ ಹಾಕ್ಬಹುದು. ಎಷ್ಟು ಬೇಗ ಮಾಡ್ತಾರೋ ದುಡ್ಡು ತಡೆಯೋ ಚಾನ್ಸ್ ಅಷ್ಟು ಜಾಸ್ತಿ. 499 ರೂಪಾಯಿಗೆ ಯಾರು ಪೊಲೀಸ್ ಹತ್ರ ಹೋಗ್ತಾರೆ ಅಂತ ಅವ್ರು ಅನ್ಬಹುದು, ಆದ್ರೆ ಇಂಥ ಮೋಸ ನಡೀತಿರೋದೇ ಚಿಕ್ಕ ಮೊತ್ತಕ್ಕೆ ಯಾರೂ ಹೋಗಲ್ಲ ಅನ್ನೋ ಧೈರ್ಯದ ಮೇಲೆ.

ಆಮೇಲೆ ಆ ಕಾಮೆಂಟ್ ಪಕ್ಕದ ಮೂರು ಚುಕ್ಕೆ ಒತ್ತಿ 'ಹೈಡ್ ಯೂಸರ್ ಫ್ರಂ ಚಾನೆಲ್' ಕೊಡಿ. ಬರೀ ಡಿಲೀಟ್ ಮಾಡಿದ್ರೆ ಆ ಒಂದು ಕಾಮೆಂಟ್ ಹೋಗತ್ತೆ ಅಷ್ಟೇ, ಹೈಡ್ ಮಾಡಿದ್ರೆ ಆ ಅಕೌಂಟ್ ಏನು ಬರೆದ್ರೂ ನಿಮ್ಮ ಚಾನೆಲಲ್ಲಿ ಬೇರೆ ಯಾರಿಗೂ ಕಾಣಲ್ಲ, ಹೈಡ್ ಮಾಡಿದೀರಿ ಅನ್ನೋ ನೋಟಿಫಿಕೇಶನ್ನೂ ಅವ್ರಿಗೆ ಹೋಗಲ್ಲ. ಜೊತೆಗೆ ಆ ಅಕೌಂಟಿನ ಚಾನೆಲ್ ಪೇಜ್‌ಗೆ ಹೋಗಿ ಇಂಪರ್ಸೊನೇಶನ್ (ಬೇರೆಯವರ ಸೋಗು ಹಾಕೋದು) ಅಂತ ರಿಪೋರ್ಟ್ ಮಾಡಿ, ಕಾಮೆಂಟ್ ರಿಪೋರ್ಟ್ ಬೇರೆ ಚಾನೆಲ್ ರಿಪೋರ್ಟ್ ಬೇರೆ. ಯಾವುದೇ ಬಾಟ್ ಇರ್ಲಿ ಬೈದು ರಿಪ್ಲೈ ಮಾತ್ರ ಮಾಡ್ಬೇಡಿ, ರಿಪ್ಲೈ ಬಿದ್ದಷ್ಟೂ ಅದು ಮೇಲೆ ಬರ್ಬಹುದು.

ಈಗ ನಿಮ್ಮ ವೀಕ್ಷಕರಿಗೆ ಅಸಲಿ ಯಾವುದು ನಕಲಿ ಯಾವುದು ಅಂತ ಗೊತ್ತಾಗೋ ದಾರಿ. ಯೂಟ್ಯೂಬಲ್ಲಿ ಅಸಲಿ ಚಾನೆಲ್ ಅಂತ ತೋರಿಸೋ ಟಿಕ್ ಮಾರ್ಕ್‌ಗೆ ಅರ್ಜಿ ಹಾಕೋಕೇ ಒಂದು ಲಕ್ಷ ಸಬ್‌ಸ್ಕ್ರೈಬರ್ಸ್ ಬೇಕು, ಹಾಗಾಗಿ ಸದ್ಯಕ್ಕೆ ಅದು ನಿಮಗೆ ಸಿಗಲ್ಲ. ಆದ್ರೆ ಚಾನೆಲ್ ಓನರ್ ಕಾಮೆಂಟ್ ಮಾಡಿದಾಗ ಹೆಸರಿನ ಹಿಂದೆ ಬೇರೆ ಬಣ್ಣದ ಪಟ್ಟಿ ಇರತ್ತೆ, ನಕಲಿಯವ್ರಿಗೆ ಅದು ಬರಲ್ಲ. ಒಂದು ಹ್ಯಾಂಡಲ್ ಕೂಡ ಒಬ್ಬರಿಗೇ ಸಿಗೋದು, ನಿಮ್ದನ್ನ ಕಾಪಿ ಮಾಡ್ಬೇಕಂದ್ರೆ ಒಂದು ಚುಕ್ಕೆನೋ ಅಂಕಿನೋ ಅಕ್ಷರಾನೋ ಬದಲಾಯಿಸ್ಲೇಬೇಕು. ಇನ್ನೊಂದು, ಮುಂಚೆ ನಕಲಿ ಅಕೌಂಟಿನವ್ರು ಸಬ್‌ಸ್ಕ್ರೈಬರ್ ಲೆಕ್ಕ ಮುಚ್ಚಿಡ್ತಿದ್ರು, 2022ರ ಜುಲೈ 29ರಿಂದ ಯೂಟ್ಯೂಬ್ ಹಾಗೆ ಮುಚ್ಚಿಡೋ ಆಯ್ಕೆನೇ ತೆಗೀತು, ಹೆಸರಲ್ಲಿ ವಿಚಿತ್ರ ಅಕ್ಷರ ಬಳಸೋದಕ್ಕೂ ಮಿತಿ ಹಾಕ್ತು. ಹಾಗಾಗಿ ಹೆಸರು ಒತ್ತಿ ನೋಡಿದ್ರೆ ಸಾಕು, ಹನ್ನೊಂದು ಸಾವಿರ ಇರೋ ಕಡೆ ಮೂರೋ ನಾಲ್ಕೋ ಕಂಡ್ರೆ ಅದು ನೀವಲ್ಲ.

ಇಷ್ಟನ್ನ ಒಂದು ನಿಮಿಷದ ವಿಡಿಯೋದಲ್ಲಿ ನಿಮ್ಮದೇ ಮಾತಲ್ಲಿ ಹೇಳಿ. ಪ್ರತಿ ವಿಡಿಯೋಗೂ "ನಾನು ಯಾವತ್ತೂ ಗಿಫ್ಟ್ ಅಂತ ದುಡ್ಡು ಕೇಳಲ್ಲ, ಕಾಮೆಂಟಲ್ಲಿ ನಂಬರ್ ಕೊಡಲ್ಲ" ಅಂತ ಒಂದು ಕಾಮೆಂಟ್ ಪಿನ್ ಮಾಡಿ. ನಮ್ಮ ಕಡೆ ಎಷ್ಟೋ ಜನ "ಅಕ್ಕಾ ನನ್ ನಂಬರ್ ಇದು, ಕಾಲ್ ಮಾಡಿ" ಅಂತ ಪೂರ್ತಿ ಫೋನ್ ನಂಬರನ್ನೇ ಕಾಮೆಂಟಲ್ಲಿ ಬರೀತಾರೆ, ಕುಚ್ಚು, ಅಡಿಗೆ, ತೋಟ ಯಾವ ಚಾನೆಲ್ ನೋಡಿದ್ರೂ ಇದೇ. ಮೋಸಗಾರರಿಗೆ ಅದು ಬಿಟ್ಟಿ ಸಿಕ್ಕ ಲಿಸ್ಟು. ಅಂಥ ಕಾಮೆಂಟ್ ಕಂಡ ತಕ್ಷಣ ತೆಗೀರಿ, ಯಾಕೆ ತೆಗೆದ್ರಿ ಅನ್ನೋದನ್ನೂ ಆ ವಿಡಿಯೋದಲ್ಲೇ ಹೇಳಿ, ಇಲ್ಲಾಂದ್ರೆ ಪಾಪ ಬೇಜಾರು ಮಾಡ್ಕೋತಾರೆ.

ಇನ್ನು ಸೆಟ್ಟಿಂಗ್ಸು. ಯೂಟ್ಯೂಬ್ ಸ್ಟುಡಿಯೋದಲ್ಲಿ ಕಮ್ಯುನಿಟಿ ಅನ್ನೋ ಕಡೆ ಲಿಂಕ್ ಇರೋ ಕಾಮೆಂಟ್ ತಡೆಯೋ ಆಯ್ಕೆ ಇದೆ, ಆನ್ ಮಾಡಿ. ಅಲ್ಲೇ 'ಬ್ಲಾಕ್ಡ್ ವರ್ಡ್ಸ್' ಪೆಟ್ಟಿಗೆ ಇದೆ, ಅದಕ್ಕೆ ಟೆಲಿಗ್ರಾಂ, ವಾಟ್ಸಾಪ್, ವಿನ್ನರ್, ಗಿಫ್ಟ್ ಥರದ ಪದಗಳನ್ನ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ. ನಮ್ಮ ಭಾಷೇಲಿ ಪದಕ್ಕೆ ಬಾಲ ಅಂಟ್ಕೊಳತ್ತಲ್ಲ, ಅದಕ್ಕೇ ವಾಟ್ಸಾಪ್ ಒಂದೇ ಸಾಲದು, ವಾಟ್ಸಾಪ್‌ಗೆ, ವಾಟ್ಸಾಪಲ್ಲಿ ಅಂತಾನೂ ಸೇರಿಸಿ.

ಪ್ರಶ್ನೆ: ಬಾಟ್ ಕಾಟಕ್ಕೆ ಫಿಲ್ಟರ್ ಸ್ಟ್ರಿಕ್ಟ್ ಮಾಡಿದೆ, ಈಗ ನಮ್ಮ ದೊಡ್ಡಮ್ಮ ಹಾಕಿದ ಕಾಮೆಂಟೂ ಕಾಣ್ತಿಲ್ಲ. ಎಲ್ಲಿ ಹೋಯ್ತು?
(ಓದುಗರೊಬ್ಬರು, ಪುತ್ತೂರು)

ಉತ್ತರ: ಯೂಟ್ಯೂಬ್ ಸ್ಟುಡಿಯೋದಲ್ಲಿ 'ಹೆಲ್ಡ್ ಫಾರ್ ರಿವ್ಯೂ' ಅನ್ನೋ ಕಡೆ ನೋಡಿ, ಅಲ್ಲೇ ಇರ್ಬಹುದು. ಅಲ್ಲಿ 60 ದಿನ ಇಟ್ಕೋತಾರೆ, ಅಷ್ಟರೊಳಗೆ ನೀವು ಅಪ್ರೂವ್ ಮಾಡ್ಬೇಕು, ವಾರಕ್ಕೆ ಎರಡು ಸಲನಾದ್ರೂ ತೆಗೆದು ನೋಡಿ. ದೊಡ್ಡಮ್ಮನ ಅಕೌಂಟನ್ನ 'ಅಪ್ರೂವ್ಡ್ ಯೂಸರ್ಸ್' ಲಿಸ್ಟ್‌ಗೆ ಸೇರಿಸಿದ್ರೆ ಮುಂದೆ ಅವರ ಕಾಮೆಂಟ್ ಫಿಲ್ಟರ್‌ಗೆ ಸಿಗಲ್ಲ. ಯಾವಾಗ್ಲೂ ಕಾಮೆಂಟ್ ಹಾಕೋ ಹತ್ತಿಪ್ಪತ್ತು ಜನರನ್ನೂ ಹಾಗೇ ಸೇರಿಸಿ, ಬಾಯ್ತುಂಬಾ ಬರೆದಿದ್ದು ಕಾಣದೇ ಹೋದ್ರೆ ಜನ ಮತ್ತೆ ಬರೆಯಲ್ಲ.

ಪ್ರಶ್ನೆ: ಷೇರು ಮಾರ್ಕೆಟ್ ಚಾನೆಲ್ ನಂದು. ಯಾರೋ ಒಬ್ರು ಕಾಮೆಂಟಲ್ಲಿ ತಮ್ಮ ಕ್ರಿಪ್ಟೋ ವಾಲೆಟ್ (ಡಿಜಿಟಲ್ ಕಾಸು ಇಡೋ ಪರ್ಸು) ತೆಗೆಯೋ ಹನ್ನೆರಡು ಪದದ ಗುಟ್ಟನ್ನೇ ಬರೆದು "ದುಡ್ಡು ಹೇಗೆ ತೆಗೀಲಿ" ಅಂತ ಕೇಳಿದಾರೆ. ಪಾಪ ಗೊತ್ತಿಲ್ದೇ ಬರೆದಿರ್ಬೇಕು, ಹೇಗೆ ಎಚ್ಚರಿಸ್ಲಿ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಎಚ್ಚರಿಸೋದೇನೂ ಬೇಡ, ಕೂಡ್ಲೇ ತೆಗೀರಿ, ಆ ಅಕೌಂಟನ್ನ ಹೈಡ್ ಮಾಡಿ. ಅದು ಬಲೆ. ಆ ಪದ ಹಾಕಿ ವಾಲೆಟ್ ಓಪನ್ ಮಾಡಿದ್ರೆ ಒಳಗೆ ನಿಜವಾಗ್ಲೂ ಯುಎಸ್‌ಡಿಟಿ (ಡಾಲರ್ ಬೆಲೆಯ ಕ್ರಿಪ್ಟೋ ಕಾಸು) ಕಾಣತ್ತೆ, ಆದ್ರೆ ಅದನ್ನ ಕಳಿಸೋಕೆ ಫೀಸ್ ಆಗಿ ಕೊಡ್ಬೇಕಾದ ಟ್ರಾನ್ ಅನ್ನೋ ಇನ್ನೊಂದು ಕ್ರಿಪ್ಟೋ ಕಾಯಿನ್ ಸಾಕಷ್ಟು ಇರಲ್ಲ. ಆಸೆಗೆ ಬಿದ್ದವ್ರು ತಮ್ಮ ದುಡ್ಡಲ್ಲಿ ಅದನ್ನ ಹಾಕ್ತಾರೆ, ಹಾಕಿದ ತಕ್ಷಣ ಅದು ಬೇರೆ ವಾಲೆಟ್‌ಗೆ ಹೋಗಿರತ್ತೆ. ಒಳಗಿರೋ ದುಡ್ಡು ತೆಗೆಯೋಕೆ ಇನ್ನೊಂದು ಕೀ ಬೇಕು, ಅದು ಮೋಸಗಾರರ ಹತ್ರಾನೇ ಇರತ್ತೆ. ನಿಮ್ಮ ವೀಕ್ಷಕರು ಯಾರಾದ್ರೂ ಇದಕ್ಕೆ ಸಿಕ್ಕಿದ್ರೆ ಅವ್ರಿಗೂ 1930 ನಂಬರ್ ಕೊಡಿ. ಇದೇ ಥರ "ಇಂಥ ಮೇಡಂ ಹೇಳಿದಂಗೆ ಹಾಕಿದೆ, ಡಬಲ್ ಆಯ್ತು" ಅಂತ ಒಬ್ಬ ಬರೀತಾನೆ, ಕೆಳಗೆ ಹತ್ತು ಜನ "ಹೌದು ನನಗೂ ಆಯ್ತು" ಅಂತಾರೆ. ಅಂಥದ್ದು ಕಂಡ್ರೆ ಮೊದಲ್ನೇ ಕಾಮೆಂಟ್ ತೆಗೆದು ಸುಮ್ನಾಗ್ಬೇಡಿ, ಕೆಳಗೆ ಹೂಂಗುಟ್ಟಿರೋ ಹತ್ತೂ ಅಕೌಂಟನ್ನ ಒಂದೊಂದಾಗಿ ಹೈಡ್ ಮಾಡಿ.