ಜಾನ್ ಮ್ಯೂರ್ ಟ್ರೇಲ್‌ಗೆ ಕಡಿಮೆ ಕೊಬ್ಬು, ಕಡಿಮೆ ಉಪ್ಪಿನ ಫ್ರೀಜ್-ಡ್ರೈಡ್ ಊಟ ಯಾವುದು ಒಳ್ಳೆಯದು?

ಕಡಿಮೆ ಕೊಬ್ಬು, ಕಡಿಮೆ ಉಪ್ಪು ಅಂತ ಕೇಳಿದ್ದೀರಲ್ಲ, ನಾನೂ ಅಂಗಡಿಯಲ್ಲಿ ನಿಂತು ಅದನ್ನೇ ಹುಡುಕಿದ್ದೆ. ಅದರಿಂದಲೇ ನಮ್ಮ ನಡಿಗೆ ಅರ್ಧಕ್ಕೆ ನಿಂತಿತು. ಹಾಗಾಗಿ ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಮೊದಲು ಆ ಎರಡು ಷರತ್ತು ಕೈಬಿಡಿ.

ನಾನೂ ತಂಗಿಯೂ ಈ ಟ್ರೇಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಿಂದ ದಕ್ಷಿಣಕ್ಕೆ ಹೊರಟಿದ್ದೆವು. ಲಾಟರಿಯಲ್ಲಿ ಪರ್ಮಿಟ್ ಸಿಗುವುದೇ ಕಷ್ಟ, ಸಿಕ್ಕಿತ್ತು. ಸುಮಾರು 340 ಕಿ.ಮೀ. ದಾರಿ, ಕೊನೆಗೆ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ. ಇಬ್ಬರೂ ಸಸ್ಯಾಹಾರಿಗಳು. ಬೇಳೆ, ಕ್ವಿನೋವಾ, ತರಕಾರಿ ಇರುವ, ಮುಂದೆ ದೊಡ್ಡದಾಗಿ ‘ಲೋ ಫ್ಯಾಟ್’ ಅಂತ ಬರೆದ, ಬಿಸಿನೀರು ಹಾಕಿದರೆ ಊಟವಾಗುವ ಒಣ ಪ್ಯಾಕೆಟ್‌ಗಳನ್ನೇ ಆರಿಸಿದೆ. ಹಿಂದೆ ‘2 ಸರ್ವಿಂಗ್’ ಅಂತಿತ್ತು. ಇಬ್ಬರಿದ್ದೇವೆ, ರಾತ್ರಿಗೆ ಒಂದು ಪ್ಯಾಕೆಟ್ ಸಾಕು ಅಂದುಕೊಂಡೆ. ನಮಗೆ ದುಬಾರಿಯಾದದ್ದು ಈ ಲೆಕ್ಕ, ಅದಕ್ಕೇ ಬಿಡಿಸಿ ಹೇಳ್ತೀನಿ.

ಇಡೀ ಪ್ಯಾಕೆಟ್ ಸುಮಾರು 500 ಕ್ಯಾಲೊರಿ. ಹಂಚಿಕೊಂಡರೆ ತಲೆಗೆ 250, ಅಂದರೆ ಎರಡು ಚಪಾತಿ, ಸ್ವಲ್ಪ ಪಲ್ಯ. ಬೆನ್ನ ಮೇಲೆ ಭಾರ ಹೊತ್ತು ದಿನವಿಡೀ ಹತ್ತಿಳಿಯುವವರಿಗೆ 3,000ಕ್ಕೂ ಹೆಚ್ಚು ಬೇಕು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎನರ್ಜಿ ಬಾರ್, ರಾತ್ರಿ ಈ ಅರ್ಧ ಪ್ಯಾಕೆಟ್. ಎಲ್ಲ ಕೂಡಿದರೂ ಬೇಕಾದ್ದರಲ್ಲಿ ಅರ್ಧ ಆಗುತ್ತಿರಲಿಲ್ಲ. ಎತ್ತರದಲ್ಲಿ ಹಸಿವೂ ಕಡಿಮೆಯಾಗುತ್ತದೆ, ಹಾಗಾಗಿ ಮೊದಮೊದಲು ಗೊತ್ತೇ ಆಗಲಿಲ್ಲ. ಹೊಟ್ಟೆ ಹಗುರವಾಗಿದೆ, ಒಳ್ಳೆಯದೇ ಅಂತ ಇಬ್ಬರೂ ಮಾತಾಡಿಕೊಂಡೆವು.

ಮ್ಯೂರ್ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ ಇಳಿಯುವಾಗ ತಂಗಿ ಕಲ್ಲಿನ ಮೇಲೆ ಕಾಲಿಟ್ಟರೆ ಮಂಡಿ ನಡುಗುತ್ತಿತ್ತು. ಒಳ್ಳೆ ಬಿಸಿಲಲ್ಲೂ ಜಾಕೆಟ್ ಬಿಚ್ಚಲಿಲ್ಲ. ಜಿಪ್ ಎಳೆಯಲು ಬೆರಳು ಬರುತ್ತಿರಲಿಲ್ಲ, ಮಾತಾಡಿಸಿದರೆ ಅಳು. ಕರಡಿ ಬಾಯಿ ಹಾಕದಂತೆ ಊಟ ಇಡುವ ಗಟ್ಟಿ ಡಬ್ಬಿ ಇರುತ್ತಲ್ಲ, ಅದನ್ನು ತೆರೆದು ಲೆಕ್ಕ ಹಾಕಿದೆ. ಅವತ್ತಿನಿಂದ ಒಬ್ಬೊಬ್ಬರಿಗೆ ಒಂದೊಂದು ಪ್ಯಾಕೆಟ್ ಕೊಟ್ಟರೆ ಮುಂದಿನ ದಿನಗಳಿಗೆ ಏನೂ ಉಳಿಯುತ್ತಿರಲಿಲ್ಲ. ಲೆ ಕಾಂಟ್ ಕಣಿವೆಯಿಂದ ಬಿಷಪ್ ಪಾಸ್ ಹತ್ತಿ ಹೊರಗೆ ಬಂದುಬಿಟ್ಟೆವು. ವಿಟ್ನಿ ಹತ್ತಿರವೂ ಹೋಗಲಿಲ್ಲ.

ಕೊಬ್ಬು ಕಡಿಮೆ ಇರಲಿ ಅನ್ನುವುದು ಯಾಕೆ ತಪ್ಪು ಅಂದರೆ, ಫ್ರೀಜ್-ಡ್ರೈ ಮಾಡುವಾಗ ಊಟವನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಒಳಗಿನ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುವಂತೆ ಮಾಡುತ್ತಾರೆ. ಹೋಗುವುದು ನೀರು ಮಾತ್ರ. ಎಣ್ಣೆ ಹಾಗೆ ಒಣಗುವುದಿಲ್ಲ, ಹೆಚ್ಚಿದ್ದರೆ ಕಮಟು ಹಿಡಿಯುತ್ತದೆ. ಅದಕ್ಕೇ ಇಂಥ ಎಷ್ಟೋ ಊಟಗಳಲ್ಲಿ ಕೊಬ್ಬು ಮೊದಲೇ ಕಡಿಮೆ. ಇನ್ನೂ ಕಡಿಮೆಯದನ್ನು ಯಾಕೆ ಹುಡುಕಬೇಕು? ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಡಬ್ಬಿಯಲ್ಲಿ ಜಾಗ ಇರುವುದೇ ಅಷ್ಟು.

ಉಪ್ಪಿಗೂ ಇದೇ ಮಾತು. ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲರ ದಿನನಿತ್ಯದ ಊಟಕ್ಕೆ. ದಿನವಿಡೀ ಬೆವರು ಸುರಿಸುವಾಗ ದೇಹದಿಂದ ಉಪ್ಪೂ ಹೋಗುತ್ತಿರುತ್ತದೆ. ನಿಮಗೆ ಬಿಪಿ ಇದ್ದರೆ ಡಾಕ್ಟರನ್ನು ಕೇಳಿ, ಅವರು ಹೇಳಿದ್ದೇ ಕೊನೆ. ಪ್ಯಾಕೆಟ್ ಮೇಲಿನ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ಒಂದು ಸರ್ವಿಂಗಿನದ್ದು ಅನ್ನುವುದನ್ನೂ ನೋಡಿಕೊಳ್ಳಿ, ಪೂರ್ತಿ ತಿಂದರೆ ಎರಡರಷ್ಟು.

ಈಗ ನಾನು ರಾತ್ರಿಗೆ ಮಾತ್ರ ಫ್ರೀಜ್-ಡ್ರೈಡ್ ಒಯ್ಯುತ್ತೇನೆ, ತಲೆಗೊಂದು ಪೂರ್ತಿ ಪ್ಯಾಕೆಟ್. ಅದಕ್ಕೆ ಒಂದು ದೊಡ್ಡ ಚಮಚ ತುಪ್ಪ ಬೆರೆಸಿದರೆ 120 ಕ್ಯಾಲೊರಿ ಹೆಚ್ಚು, ತೂಕ 14 ಗ್ರಾಂ ಅಷ್ಟೇ. ಮೇಲೆ ಶೇಂಗಾ ಚಟ್ನಿಪುಡಿ. ಹಗಲಿಗೆ ಅಮೆರಿಕದ ಬಾರ್‌ಗಳ ಬದಲು ತೆಳು ಅವಲಕ್ಕಿ, ಹುರಿಗಡಲೆ, ಬೆಲ್ಲ. ಅವಲಕ್ಕಿಗೆ ತಣ್ಣೀರು ಸಾಕು, ಒಲೆ ಹಚ್ಚುವ ಕೆಲಸವೇ ಇಲ್ಲ. ಇದನ್ನು ಯಾವ ದುಬಾರಿ ಪ್ಯಾಕೆಟ್‌ಗೂ ಬಿಟ್ಟುಕೊಡಲಾರೆ.

ಇನ್ನೊಂದು. 3,300 ಮೀಟರಲ್ಲಿ ನೀರು 89 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪ್ಯಾಕೆಟ್ ಮೇಲೆ 10 ನಿಮಿಷ ಅಂತಿದ್ದರೆ 20 ಬಿಡಿ, ಪ್ಯಾಕೆಟ್ ಬಾಯಿ ಮುಚ್ಚಿ ಜಾಕೆಟ್ ಒಳಗಿಟ್ಟುಕೊಳ್ಳಿ. ನಡುವೆ ಒಮ್ಮೆ ತೆರೆದು ಉದ್ದ ಚಮಚದಿಂದ ತಳದ ಮೂಲೆಯವರೆಗೆ ಕಲಸಿ. ಬೇಳೆ ಗಟ್ಟಿಯಾಗಿ ಉಳಿಯುವುದು ಅಲ್ಲೇ. ಹೊರಡುವ ಮುಂಚೆ ನಿಮ್ಮ ಒಂದು ದಿನದ ಊಟದ ಪಟ್ಟಿ, ಕ್ಯಾಲೊರಿ ಸಮೇತ, ಇಲ್ಲಿ ಹಾಕಿ, ಖಂಡಿತ ನೋಡಿ ಹೇಳ್ತೀನಿ.