ರಸೀದಿ ಬರೆಸಿಕೊಳ್ಳಿ

ಪತ್ರ: ‘ನನಗೆ ಐವತ್ತೆರಡು ವರ್ಷ, ಸಕ್ಕರೆ ಕಾಯಿಲೆಯಿದೆ. ಹನ್ನೊಂದು ವರ್ಷದ ಹಿಂದೆ ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಸಂಘದ ಖಜಾಂಚಿಯಾಗಿದ್ದಾಗ ಮಗನ ಫೀಸಿಗೆಂದು ಸಂಘದ 8,000 ರೂಪಾಯಿ ತೆಗೆದೆ. ಮತ್ತೆ ತುಂಬಲಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಅನುಮಾನ ಆಗಿನ ಕಾರ್ಯದರ್ಶಿಯ ಮೇಲೆ ಬಿತ್ತು, ನಾನು ಬಾಯಿ ಬಿಡಲಿಲ್ಲ. ಮೂರು ವರ್ಷದ ಹಿಂದೆ ತಾಯಿಗೆ ರಾತ್ರಿ ಲಕ್ವ ಹೊಡೆಯಿತು. ಸುಸ್ತಿರಬೇಕು, ಬೆಳಿಗ್ಗೆ ನೋಡೋಣವೆಂದು ಮಲಗಿಸಿದೆ. ಅವರು ಉಳಿಯಲಿಲ್ಲ. ಈಗ ಮಗ ನರಸಾಪುರದ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವವರೆಗೆ ಕಣ್ಣು ಮುಚ್ಚಲಾಗದು. ದಿನಾ ರಾತ್ರಿ ಮಂಡಿಯೂರಿ ಕ್ಷಮೆ ಕೇಳುತ್ತೇನೆ, ಶುಕ್ರವಾರ ಉಪವಾಸವಿರುತ್ತೇನೆ. ಭಾರ ಇಳಿಯುತ್ತಿಲ್ಲ. ಒಂದು ವರ್ಷದಿಂದ, ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೂ ಹೋಗಿಲ್ಲ. ನನ್ನ ನಂಬಿಕೆಯೇ ಸುಳ್ಳೇ?’
— ಓದುಗರೊಬ್ಬರು, ಬಂಗಾರಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ಸಹೋದರಿಯವರೇ, ನಿಮ್ಮ ನಂಬಿಕೆಯಲ್ಲಿ ಸುಳ್ಳಿಲ್ಲ. ಮೂರು ಬೇರೆ ಬೇರೆ ಭಾರಗಳನ್ನು ಒಂದೇ ಮೂಟೆಗೆ ತುಂಬಿ, ಮೂರಕ್ಕೂ ಒಂದೇ ಔಷಧಿ ಹಾಕುತ್ತಿದ್ದೀರಿ. ಸಂಘದ ಹಣ ಪಾಪ. ತಾಯಿಯ ಸಾವು ದುಃಖ. ಮಗನ ದಾರಿ ಕಾಯುವುದು ಚಿಂತೆ. ಪಾಪಕ್ಕೆ ಅರಿಕೆ ಬೇಕು, ದುಃಖಕ್ಕೆ ಅಳು ಬೇಕು. ಮಾಡದ ಪಾಪಕ್ಕೆ ಎಷ್ಟು ಕ್ಷಮೆ ಕೇಳಿದರೂ ಕ್ಷಮೆ ಸಿಕ್ಕಂತೆ ಅನಿಸುವುದಿಲ್ಲ. ಮಾಡಿದ ಪಾಪವನ್ನು ಬರೀ ಅತ್ತು ತೀರಿಸಲೂ ಆಗುವುದಿಲ್ಲ.

ಮೊದಲು ಹಣದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇವೆ, ಏಕೆಂದರೆ ನಮ್ಮ ಸಭೆಗಳಲ್ಲಿ ಕ್ಷಮೆಯ ಬಗ್ಗೆ ಪ್ರಸಂಗ ಬಹಳ, ತಿರುಗಿ ಕೊಡುವುದರ ಬಗ್ಗೆ ಕಡಿಮೆ. ದೇವರು ನಿಮ್ಮನ್ನು ಕ್ಷಮಿಸಿದ್ದು ನೀವು ಮನಸಾರೆ ಅರಿಕೆ ಮಾಡಿಕೊಂಡ ಮೊದಲ ರಾತ್ರಿಯೇ. ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆನ್ನುವ ಬೈಬಲಿನ 1 ಯೋಹಾನ 1:9 ಕಂತಿನ ಲೆಕ್ಕ ಹೇಳುವುದಿಲ್ಲ. ಕೊಲೊಸ್ಸೆ 2:14ರಲ್ಲಿ ಪೌಲನು ಬಳಸಿದ ಗ್ರೀಕ್ ಪದಕ್ಕೆ ಸಾಲಗಾರ ತನ್ನ ಕೈಯಾರೆ ಬರೆದುಕೊಟ್ಟ ಪತ್ರವೆಂಬ ಅರ್ಥವಿದೆ, ನಮ್ಮ ಕಡೆಯ ಪ್ರೋನೋಟು ಇದ್ದ ಹಾಗೆ. ಕ್ರಿಸ್ತನು ಅದನ್ನು ಅಳಿಸಿ ಶಿಲುಬೆಗೆ ಜಡಿದನೆಂದು ಅಲ್ಲಿದೆ. ನೀವೋ ಅಳಿಸಿಹೋದ ಪತ್ರವನ್ನು ದಿನಾ ರಾತ್ರಿ ನೆನಪಿನಿಂದ ಮತ್ತೆ ಬರೆದು ಒಯ್ಯುತ್ತಿದ್ದೀರಿ. ನೀರಿಲ್ಲದ ಬೋರಿನಲ್ಲಿ ಮೋಟರು ಓಡಿಸಿದರೆ ಏನಾಗುತ್ತದೆಂದು ಕೋಲಾರ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ.

ಹಾಗಾದರೆ ಭಾರ ಏಕೆ ಉಳಿದಿದೆ? ದೇವರ ಲೆಕ್ಕ ಮುಗಿದರೂ ಮನುಷ್ಯರ ಲೆಕ್ಕ ಹಾಗೆಯೇ ಇದೆ. ನಿಮ್ಮ ಮನಸ್ಸಾಕ್ಷಿ ಕೆಟ್ಟಿಲ್ಲ, ಸರಿಯಾದ ವಿಳಾಸವನ್ನೇ ತೋರಿಸುತ್ತಿದೆ. ಯಾಜಕಕಾಂಡ 6:5ರ ಕ್ರಮ ಸ್ಪಷ್ಟ: ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಐದನೆಯ ಒಂದು ಪಾಲನ್ನು ಕೂಡಿಸಿ ಕೊಡಬೇಕು. ನಿಮ್ಮ ಲೆಕ್ಕದಲ್ಲಿ 8,000ಕ್ಕೆ 1,600 ಸೇರಿ 9,600. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನಲ್ಲ ಎಂದು 32,000ಕ್ಕೆ ಬಡ್ಡಿ ಸಾಲ ಮಾಡಬೇಡಿ. ಆ ಅಧ್ಯಾಯದಲ್ಲಿ (ಲೂಕ 19) ಯಾವುದು ಮೊದಲು, ಯಾವುದು ಆಮೇಲೆ ನೋಡಿ. ಯೇಸು ಅವನ ಮನೆಗೆ ಬರುತ್ತೇನೆಂದದ್ದು ಮೊದಲು, ಅವನು ಹಣದ ಮಾತೆತ್ತಿದ್ದು ಆಮೇಲೆ. ತಿರುಗಿ ಕೊಡುವುದು ಕ್ಷಮೆಗೆ ಕಟ್ಟುವ ಬೆಲೆಯಾಗಿದ್ದರೆ ಇದು ತಿರುಗುಮುರುಗಾಗಿರುತ್ತಿತ್ತು.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಹಣವನ್ನು ಲಕೋಟೆಗೆ ಹಾಕಿ, ಹೆಸರು ಬರೆಯದೆ ಕಾಣಿಕೆ ಚೀಲಕ್ಕೆ ಬಿಡುತ್ತಾರೆ. ಹಾಗೆ ಮಾಡಬೇಡಿ. ಆ ಹಣ ಭಾನುವಾರದ ಕಾಣಿಕೆಯ ಲೆಕ್ಕಕ್ಕೆ ಹೋಗುತ್ತದೆಯೇ ಹೊರತು ಸಂಘಕ್ಕೆ ತಲುಪುವುದಿಲ್ಲ. ಅದಕ್ಕಿಂತ ಮುಖ್ಯ, ಆ ಕಾರ್ಯದರ್ಶಿಯ ಮೇಲಿನ ಅನುಮಾನ ಇದ್ದಲ್ಲೇ ಇರುತ್ತದೆ. ಮೊದಲು ಸಭೆಯ ಪಾಲಕರಾದ ಅಯ್ಯನವರ ಬಳಿ ಒಬ್ಬರೇ ಹೋಗಿ ಹೇಳಿ. ಅವರ ಮನೆಯ ಅಮ್ಮನವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅವರ ಎದುರಿನಲ್ಲಿ ಈಗಿನ ಖಜಾಂಚಿಗೆ ಹಣ ಕೊಟ್ಟು, ಸಂಘದ ಹೆಸರಿನಲ್ಲಿ ರಸೀದಿ ಬರೆಸಿಕೊಳ್ಳಿ. ಒಟ್ಟಿಗೆ ಆಗದಿದ್ದರೆ 2,400ರಂತೆ ನಾಲ್ಕು ತಿಂಗಳು, ತಾರೀಖು ಬರೆದುಕೊಟ್ಟೇ ಕೊಡಿ. ರಸೀದಿ ಯಾರಿಗೂ ತೋರಿಸಲಿಕ್ಕಲ್ಲ. ಮುಂದೆ ಯಾವುದೋ ರಾತ್ರಿ ಎರಡು ಗಂಟೆಗೆ ‘ಕೊಟ್ಟೆನಾ, ಸಾಕಾಯಿತಾ’ ಎಂದು ಮನಸ್ಸು ಕೆದಕುತ್ತದೆ. ಆಗ ಬೈಬಲಿನ ಒಳಗೆ ಆ ಕಾಗದವಿರಲಿ.

ಎಂಟು ಸಾವಿರಕ್ಕಿಂತ ದೊಡ್ಡದು ಅನುಮಾನ ಹೊತ್ತ ಆ ಕಾರ್ಯದರ್ಶಿಯ ಹನ್ನೊಂದು ವರ್ಷ. ಅವರ ಮನೆಗೇ ಹೋಗಿ ಹೇಳಿ. ಫೋನಿನಲ್ಲಿ ಬೇಡ, ಸಂಘದ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮಾತು ಇಷ್ಟೇ ಇರಲಿ: ‘ಆ ಹಣ ತೆಗೆದದ್ದು ನಾನು. ನಿಮ್ಮ ಮೇಲೆ ಮಾತು ಬಂದಾಗ ಸುಮ್ಮನಿದ್ದೆ. ಅದು ತಪ್ಪು. ಹಣ ಕಟ್ಟಿದ್ದೇನೆ. ನಿಮ್ಮ ಹೆಸರು ತಿಳಿಯಾಗಲು ನಾನು ಏನು ಮಾಡಬೇಕು, ಹೇಳಿ.’ ‘ಆದರೆ’ ಎಂಬ ಮಾತು ನಾಲಗೆಯ ತುದಿಗೆ ಬಂದರೆ ನುಂಗಿಬಿಡಿ. ಮಗನ ಫೀಸಿನ ಕಥೆ ಅಲ್ಲಿ ಬೇಡ. ಕಾಲಿಗೆ ಬಿದ್ದು ಗೋಳಾಡಬೇಡಿ, ಆಗ ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ‘ಕ್ಷಮಿಸಿದೆ ಅನ್ನಿ’ ಎಂದು ಪೀಡಿಸಲೂಬೇಡಿ. ಅವರು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಆರು ತಿಂಗಳು ಮುಖ ನೋಡದೆ ಇರಬಹುದು. ರೋಮಾಪುರ 12:18 ‘ನಿಮ್ಮಿಂದಾಗುವ ಮಟ್ಟಿಗೆ’ ಸಮಾಧಾನವಾಗಿರಿ ಎನ್ನುತ್ತದೆ. ಉಳಿದ ಅರ್ಧ ನಿಮ್ಮ ಪಾಲಿನದಲ್ಲ. ಸಭೆಯ ಮುಂದೆ ಹೇಳಬೇಕೇ ಎಂಬುದನ್ನು ಅಯ್ಯನವರೂ ಅವರೂ ತೀರ್ಮಾನಿಸಲಿ. ನಮ್ಮ ಅಭಿಪ್ರಾಯ ಕೇಳಿದರೆ, ಅನುಮಾನ ಎಷ್ಟು ದೂರ ಹಬ್ಬಿತ್ತೋ ಸತ್ಯವೂ ಅಷ್ಟು ದೂರ ಹೋಗಬೇಕು, ಅದಕ್ಕಿಂತ ಒಂದು ಮನೆ ಹೆಚ್ಚು ಬೇಡ.

ಇನ್ನು ತಾಯಿಯ ವಿಷಯ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು, ನಿಜ. ಆದರೆ ಅದು ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಮಾತ್ರ. ತಲೆಯೊಳಗೆ ರಕ್ತಸ್ರಾವವಾಗಿದ್ದರೆ ಕೊಡುವಂತಿಲ್ಲ. ಯಾವುದೆಂದು ತಿಳಿಯಲು ಮೊದಲು ಸ್ಕ್ಯಾನ್ ಆಗಬೇಕು. ಹೊತ್ತಿಗೆ ಸರಿಯಾಗಿ ಕೊಟ್ಟರೂ ಎಲ್ಲರೂ ಉಳಿಯುವುದಿಲ್ಲ. ಇದು ಆ ರಾತ್ರಿ ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಅಸಡ್ಡೆ ಮಾಡಿದ್ದರೆ ಅದು ಪಾಪ. ಸುಸ್ತೆಂದು ತಿಳಿದು, ಕಂಬಳಿ ಹೊದಿಸಿ, ಬೆಳಿಗ್ಗೆ ನೋಡೋಣವೆಂದದ್ದು ತಿಳಿವಳಿಕೆಯ ಕೊರತೆ. ಇವತ್ತಿನ ತಿಳಿವಳಿಕೆಯನ್ನು ಆ ರಾತ್ರಿಯ ಹೆಂಗಸಿನ ಮೇಲೆ ಸಾಕ್ಷಿಗೆ ನಿಲ್ಲಿಸಿ ತೀರ್ಪು ಕೊಡುತ್ತಿದ್ದೀರಿ. ಯೋಹಾನ 11ರಲ್ಲಿ ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಯೇಸುವಿಗೆ ಹೇಳಿದ್ದು ಒಂದೇ ಮಾತು, ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದು. ‘ಇದ್ದಿದ್ದರೆ’ ಎಂಬ ಸಂಕಟ ಅಷ್ಟು ಹಳೆಯದು. ಯೇಸು ಅವರನ್ನು ಗದರಿಸಲಿಲ್ಲ, ಅವರೊಂದಿಗೆ ಅತ್ತನು. ಆದ್ದರಿಂದ ರಾತ್ರಿಯ ಅರಿಕೆಯಿಂದ ತಾಯಿಯ ಹೆಸರನ್ನು ತೆಗೆಯಿರಿ. ಅವರ ವಿಷಯದಲ್ಲಿ ದೇವರಿಗೆ ಸ್ತೋತ್ರ ಹೇಳಿ, ಅಳು ಬಂದರೆ ಅಳಿ, ಕ್ಷಮೆ ಮಾತ್ರ ಕೇಳಬೇಡಿ. (ಓದುಗರೆಲ್ಲರಿಗೂ ಒಂದು ಮಾತು: ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಫೋನ್ ಮಾಡಿ.)

ಮಗನ ಚಿಂತೆಗೆ ಬೇರೆ ಅಭ್ಯಾಸ ಬೇಕು. ಫಿಲಿಪ್ಪಿ 4:6ರಲ್ಲಿ ಮೂರು ಸಂಗತಿಗಳಿವೆ: ಬೇಡಿಕೆ, ಅದನ್ನು ದೇವರಿಗೆ ತಿಳಿಸುವುದು, ಕೃತಜ್ಞತೆ. ಕೃತಜ್ಞತೆ ಬಿಟ್ಟುಹೋದರೆ ಪ್ರಾರ್ಥನೆ ಚಿಂತೆಯಾಗಿಬಿಡುತ್ತದೆ, ಪ್ರತಿ ವಾಕ್ಯದ ಕೊನೆಗೆ ‘ಸ್ವಾಮೀ’ ಸೇರಿರುತ್ತದೆ ಅಷ್ಟೆ. ಇದನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಸಂಜೆ ಐದರ ಸುಮಾರಿಗೆ ಹದಿನೈದು ನಿಮಿಷ ಕುಳಿತು, ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ನಿಮ್ಮ ಕೈಯಲ್ಲಿರುವುದು: ಹೆಲ್ಮೆಟ್ ಪಟ್ಟಿ, ಬೈಕಿನ ಹಿಂದಿನ ದೀಪ, ಕಾರ್ಖಾನೆಯ ಬಸ್ಸು ಸಿಗುತ್ತದೆಯೇ ಎಂದು ಕೇಳಿ ನೋಡುವುದು. ಬಲಗಡೆ ನಿಮ್ಮ ಕೈಯಲ್ಲಿಲ್ಲದ್ದು: ಹೈವೇ ಲಾರಿಗಳು, ಮಳೆ. ಎಡಗಡೆಯದರಲ್ಲಿ ಒಂದನ್ನು ಅವತ್ತೇ ಮಾಡಿ. ಬಲಗಡೆಯದನ್ನು ಒಂದೊಂದಾಗಿ ಹೆಸರಿಟ್ಟು ಒಪ್ಪಿಸಿ, ನಿನ್ನೆ ಅವನು ಕ್ಷೇಮವಾಗಿ ಬಂದದ್ದಕ್ಕೆ ಸ್ತೋತ್ರ ಹೇಳಿ ಹಾಳೆ ಮಡಿಸಿಡಿ. 1 ಪೇತ್ರ 5:7ರಲ್ಲಿ ಚಿಂತೆಯನ್ನು ದೇವರ ಮೇಲೆ ಹಾಕಿರಿ ಎನ್ನುವಾಗ ಬಳಸಿದ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದು ಕಡೆ ಮಾತ್ರ ಬರುತ್ತದೆ, ಶಿಷ್ಯರು ಕತ್ತೆಮರಿಯ ಮೇಲೆ ಬಟ್ಟೆ ಹಾಕುವಲ್ಲಿ (ಲೂಕ 19:35). ಹೊರುವುದು ಇನ್ನೊಬ್ಬರ ಬೆನ್ನು.

ರಾತ್ರಿ ಚಿಂತೆ ಮತ್ತೆ ಬಂದರೆ, ಬಂದೇ ಬರುತ್ತದೆ, ‘ಸಂಜೆ ಐದಕ್ಕೆ ಬರೆದಾಗಿದೆ’ ಎಂದು ಹೇಳಿ ಸಮಾಧಾನದಿಂದ ಮಲಗಿ ನಿದ್ದೆಮಾಡುವೆನೆನ್ನುವ ಕೀರ್ತನೆ 4:8 ಒಂದನ್ನೇ ನಿಧಾನವಾಗಿ ಹೇಳಿಕೊಳ್ಳಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಕುಳಿತುಕೊಳ್ಳಿ, ಮೊಬೈಲ್ ಮುಟ್ಟಬೇಡಿ. ಮೊದಲ ವಾರ ಫಲ ಕಾಣುವುದಿಲ್ಲ. ಮೂರು ನಾಲ್ಕು ವಾರ ಬಿಡದೆ ಮಾಡಿ.

ಉಪವಾಸವನ್ನು ಸದ್ಯಕ್ಕೆ ನಿಲ್ಲಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ತಿರುಗಿ ಬೀಳುವ ಅಪಾಯವಿದೆ. ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ಊಟ ಕೊಟ್ಟನು, ನಡುವೆ ಮಲಗಲು ಬಿಟ್ಟನು (1 ಅರಸುಗಳು 19). ಹಣ ಕಟ್ಟಿ, ಮಾತಾಡಿ ಮುಗಿಸಿದ ಮೇಲೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಹಸಿವು ಇಲ್ಲದಿದ್ದರೆ, ಒಂದೇ ತಪ್ಪನ್ನು ಮತ್ತೆ ಮತ್ತೆ ಅರಿಕೆ ಮಾಡದೆ ಇರಲಾಗದಿದ್ದರೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮನೆಯವರನ್ನು ಎಬ್ಬಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವಲ್ಲದಿದ್ದರೆ ಇದೂ ಅಲ್ಲ.

ಭೋಜನಕ್ಕೆ ಹೋಗಬಹುದೇ? ಮತ್ತಾಯ 5:24ರ ಪ್ರಕಾರ ಮೊದಲು ಆ ಸಹೋದರಿಯ ಮನೆ, ಆಮೇಲೆ ಯಜ್ಞವೇದಿ. ಹಾಗಾಗಿ ಈ ವಾರದೊಳಗೇ ಹೋಗಿಬನ್ನಿ. ಅವರು ಊರಲ್ಲಿಲ್ಲದಿದ್ದರೆ ಅಯ್ಯನವರಿಗೆ ಹೇಳಿ, ದಿನ ಗೊತ್ತುಮಾಡಿಕೊಂಡು ಬಂದರೂ ಸಾಕು. 1 ಕೊರಿಂಥ 11:28 ತನ್ನನ್ನು ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ ಎನ್ನುತ್ತದೆ, ಪರೀಕ್ಷಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿರಲಿ ಎನ್ನುವುದಿಲ್ಲ.