ನಿಲ್ಲಿಸಿ ತೆಗೆದದ್ದೆಲ್ಲ ಸುಳ್ಳಾ?

ಪತ್ರ: ಕಳೆದ ಸಂಚಿಕೆಯಲ್ಲಿ ಹಳೇ ಚೀನಾದ ಫೋಟೊಗಳನ್ನು ಹಾಕಿ ‘ದಿನನಿತ್ಯದ ಬದುಕು’ ಎಂದು ಬರೆದಿದ್ದೀರಿ. ಅಲ್ಲಿ ಎಲ್ಲರೂ ಬೊಂಬೆಗಳ ಹಾಗೆ ನಿಂತಿದ್ದಾರೆ. ಒಬ್ಬರ ಮುಖದಲ್ಲೂ ನಗು ಇಲ್ಲ. ದುಡ್ಡು ಕೊಟ್ಟು ನಿಲ್ಲಿಸಿದ್ದು ಅಲ್ವಾ? ಇದು ಬದುಕು ಹೇಗಾಗುತ್ತದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಲ್ಲಿಸಿದ್ದು ನಿಜ ಮೇಡಂ. ಆದರೆ ನಿಲ್ಲಿಸಿದ ಮಾತ್ರಕ್ಕೆ ಸುಳ್ಳು ಅನ್ನುವುದನ್ನು ಒಪ್ಪುವುದು ಕಷ್ಟ.

ಆ ಪುಟಗಳಲ್ಲಿ ಹೆಚ್ಚಿನವು ಜಾನ್ ಥಾಮ್ಸನ್ ತೆಗೆದವು. ಸ್ಕಾಟ್ಲೆಂಡಿನವನು. 1868ರಲ್ಲಿ ಹಾಂಗ್‌ಕಾಂಗ್‌ಗೆ ಬಂದು ಸ್ಟುಡಿಯೊ ಇಟ್ಟ, 1872ರವರೆಗೆ ಚೀನಾ ಸುತ್ತಿದ. ಆಗ ಫಿಲ್ಮ್ ರೋಲು ಎಲ್ಲಿತ್ತು? ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು, ಎಲ್ಲ ಮೂಲೆಗೂ ಹರಿಯುವಂತೆ ಆ ಕಡೆ ಈ ಕಡೆ ವಾಲಿಸಿ, ಕತ್ತಲೆ ಡೇರೆಯೊಳಗೆ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಸೇರಿಸಬೇಕು. ಒಣಗಿದರೆ ಕೆಟ್ಟಿತು. ಫೋಟೊ ತೆಗೆದ ಕೂಡಲೇ ಮತ್ತೆ ಡೇರೆಗೆ ಓಡಿ ಅಲ್ಲೇ ಡೆವಲಪ್ ಮಾಡಬೇಕು. ಗಾಜು, ರಾಸಾಯನಿಕ, ಡೇರೆ ಎಲ್ಲವನ್ನೂ ಆಳುಗಳು ಹೊತ್ತು ನಡೆಯುತ್ತಿದ್ದರು. ಎದುರಿಗೆ ನಿಂತವರು ಹಲವು ಸೆಕೆಂಡು ಅಲ್ಲಾಡುವಂತಿರಲಿಲ್ಲ. ಅಷ್ಟು ಹೊತ್ತು ಒಂದೇ ಸಮ ನಕ್ಕು ನೋಡಿ, ಕೆನ್ನೆ ನೋಯುತ್ತದೆ.

ಇನ್ನೊಂದು ಕಾರಣವೂ ಇದೆ. ಹಾಂಗ್‌ಕಾಂಗ್‌ನ ಚೀನೀ ಸ್ಟುಡಿಯೊಗಳ ಬಗ್ಗೆ ಥಾಮ್ಸನ್ನೇ ಬರೆದಿದ್ದಾನೆ. ಅಲ್ಲಿನ ಗಿರಾಕಿಗಳಿಗೆ ಮುಖ ನೆಟ್ಟಗಿರಬೇಕು, ಎರಡೂ ಕಿವಿ ಕಾಣಬೇಕು. ಪಕ್ಕಕ್ಕೆ ತಿರುಗಿ ಕೂರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅಂದರೆ ಆ ಬಿಗಿತ ಎಲ್ಲವೂ ಕ್ಯಾಮೆರಾದವನು ಹೇರಿದ್ದಲ್ಲ, ಅವರಿಗೇ ಅದು ಬೇಕಿತ್ತು. ಹಾಗಂತ ಎಲ್ಲರೂ ಖುಷಿಯಿಂದ ನಿಂತರು ಎಂದೂ ಅಲ್ಲ. ಚಾವೊಝೌ ಸೇತುವೆಯ ಫೋಟೊ ತೆಗೆಯಲು ಬೆಳಗ್ಗೆ ಬೇಗ ಹೋದಾಗ ಜನ ಕಲ್ಲು ತೂರಿದರು, ಅವನು ದೋಣಿ ಹತ್ತಿ ಪಾರಾದ.

ಈಗ ಜಿಯುಜಿಯಾಂಗ್ ಬೀದಿಯ ಆ ಫೋಟೊ ಮತ್ತೊಮ್ಮೆ ತೆಗೆದು ನೋಡಿ. ಸೂಪು ಮಾರುವವನು, ಹೆಂಗಸೊಬ್ಬಳು ಹೇಳಿದ್ದನ್ನು ಕಾಗದಕ್ಕೆ ಇಳಿಸುವ ಪತ್ರ ಬರೆಯುವವನು, ಕ್ಷೌರಿಕ, ಮರ ಕಡೆಯುವವನು, ಎಲ್ಲರೂ ಒಂದೇ ಚೌಕಟ್ಟಿನಲ್ಲಿ. ಇಷ್ಟು ಅಚ್ಚುಕಟ್ಟಾಗಿ ಸುಮ್ನೆ ಸೇರುವುದುಂಟಾ? ಜೋಡಿಸಿದ್ದೇ. ಆದರೆ ಅಡುಗೆ ಸಾಮಾನು, ಉಪಕರಣ, ಕೂರುವ ರೀತಿ ಅವರವರದು. ಫೋಟೊಗ್ರಾಫರ್ ಹೇಳಿಕೊಟ್ಟು ಬರುವಂಥದ್ದಲ್ಲ. ನಾನಂತೂ ಮುಖ ಬಿಟ್ಟು ಕೈಗಳನ್ನೇ ಜಾಸ್ತಿ ನೋಡುತ್ತೇನೆ.

ನನ್ನ ತಕರಾರು ಬೇರೆ. 1873–74ರಲ್ಲಿ ಅವನು 200 ಫೋಟೊಗಳನ್ನು ನಾಲ್ಕು ಸಂಪುಟಗಳಲ್ಲಿ ತಂದ. ರಾಜಕುಮಾರ ಗೊಂಗ್‌ಗೆ ಹೆಸರಿದೆ, ದೊಡ್ಡ ಅಧಿಕಾರಿ ಲಿ ಹೊಂಗ್‌ಝಾಂಗ್‌ಗೆ ಹೆಸರಿದೆ. ಕ್ಷೌರಿಕ ಬರೀ ಕ್ಷೌರಿಕ. ನೀವು ಕೇಳಬೇಕಾದ ಪ್ರಶ್ನೆ ಇದು ಅನಿಸುತ್ತದೆ.

ಮೊದಲೇ ಲೇಪ ಹಚ್ಚಿ ಒಣಗಿಸಿಟ್ಟ ಗಾಜು, ಅಂದರೆ ಒಣ ಪ್ಲೇಟು ಬಂದ ಮೇಲೆ ಕೆಲಸ ಹಗುರಾಯಿತು. 1896ರಲ್ಲಿ ಅರವತ್ತು ದಾಟಿದ್ದ ಇಂಗ್ಲಿಷ್ ಪ್ರವಾಸಿ ಇಸಬೆಲ್ಲಾ ಬರ್ಡ್ ಯಾಂಗ್ಟ್ಸಿ ನದಿಯಲ್ಲಿ ದೋಣಿಯಲ್ಲೇ ರಾತ್ರಿ ಡೆವಲಪ್ ಮಾಡಿ, ನೆಗೆಟಿವ್‌ಗಳನ್ನು ಹೊಳೆ ನೀರಿನಲ್ಲೇ ತೊಳೆದಳು. ನೀರಿನಲ್ಲಿ ಮಣ್ಣು. ಸೋಸಿದರೂ ಗಾಜಿನ ಮೇಲೆ ತೆಳ್ಳಗೆ ಕೂರುತ್ತಿತ್ತು.

ನಗು ಇಲ್ಲವೇ ಇಲ್ಲ ಅನ್ನಬೇಡಿ. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಚೀನಾದ ವಸ್ತುಗಳನ್ನು ಕೂಡಿಸಲು ಹೋದ ಬರ್ಟೋಲ್ಡ್ ಲೌಫರ್‌ನ ತಿರುಗಾಟದಲ್ಲಿ, 1904ರ ಸುಮಾರಿಗೆ ತೆಗೆದ ಒಂದು ಫೋಟೊ ಇದೆ. ಅದರಲ್ಲಿ ಒಬ್ಬ ಮನುಷ್ಯ, ಎದುರಿಗೆ ಅನ್ನದ ಬಟ್ಟಲು, ಮುಖದ ತುಂಬ ನಗು. ಅದನ್ನು ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಹಾಕುತ್ತೇವೆ. ಅವನ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ.